ಮೂವತ್ತು ಸಾವಿರದೊಳಗೆ ಲ್ಯಾಪ್‌ಟಾಪ್: ಚಿಕ್ಕ ಹೊಸದಾ, ಹಳೆಯ ಥಿಂಕ್‌ಪ್ಯಾಡಾ?

ಪ್ರಶ್ನೆ: ನಾನು ಶಹಾಬಾದ್‌ನಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಮಗಳು ಕಲಬುರಗಿಯಲ್ಲಿ ಬಿ.ಕಾಂ ಎರಡನೇ ವರ್ಷ ಓದುತ್ತಿದ್ದಾಳೆ, ದಿನಾ ರೈಲಿಗೆ ಹೋಗಿ ಬರುತ್ತಾಳೆ. ಅವಳಿಗೆ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಕಲಿಯಬೇಕು. ನನಗೆ ಸ್ಯಾಟ್ಸ್ (ಶಾಲಾ ಮಕ್ಕಳ ವಿವರ ತುಂಬುವ ಸರ್ಕಾರಿ ವೆಬ್‌ಸೈಟ್) ಎಂಟ್ರಿ, ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಪತ್ರ, ಸ್ವಲ್ಪ ಎಕ್ಸೆಲ್. ಇಬ್ಬರಿಗೂ ಒಂದೇ ಲ್ಯಾಪ್‌ಟಾಪ್. 30,000 ರೂಪಾಯಿ ಇಟ್ಟುಕೊಂಡಿದ್ದೇವೆ. ಚಿಕ್ಕದು, ಹಗುರ ಇರಲಿ ಅಂತ ಆಸೆ. ಮೂರು ನೋಡಿ ಬಂದಿದ್ದೇವೆ. ಒಂದು, 11.6 ಇಂಚಿನ ಹೊಸದು: ಸೆಲೆರಾನ್ ಎನ್4020, 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, 17,000. ಎರಡು, ಹಳೆಯ ಥಿಂಕ್‌ಪ್ಯಾಡ್ ಎಕ್ಸ್270: 12.5 ಇಂಚು, ಐ5, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ, 16,000. ಮೂರು, 14 ಇಂಚಿನ ಹೊಸದು: ಐ3-1215ಯು, 8 ಜಿಬಿ, 512 ಜಿಬಿ ಎಸ್‌ಎಸ್‌ಡಿ, 36,500. ಮೂರನೆಯದಕ್ಕೆ ಹಣ ಸಾಲದು. ಮೊದಲನೆಯದು ಹೊಸದು, ವಾರಂಟಿಯೂ ಇದೆ. ಸಾಕಲ್ವಾ? ಮಗ ಎಂಟನೇ ತರಗತಿ, ಅವನಿಗೆ ಗೇಮ್ ಕೂಡ ಆಡಬೇಕಂತೆ.

ಉತ್ತರ: ಅಕ್ಕೋರೇ, ಸಾಕಾಗುವುದಿಲ್ಲ. ಆ 17,000ದ ಚಿಕ್ಕ ಲ್ಯಾಪ್‌ಟಾಪ್ ಬೇಡವೇ ಬೇಡ. ಎಕ್ಸ್270 ಕೂಡ ಬಿಡಿ. ಆದರೆ ಅದೇ ತರಹದ ಹಳೆಯ ಯಂತ್ರ, ಅದಕ್ಕಿಂತ ಒಂದು ತಲೆಮಾರು ಈಚಿನದು, ಸಿಕ್ಕರೆ ನಿಮ್ಮ 30,000ದೊಳಗೆ ಚೆನ್ನಾಗಿ ಆಗುತ್ತದೆ. ಇನ್ನೊಂದು ಆರೂವರೆ ಸಾವಿರ ಹೇಗಾದರೂ ಹೊಂದಿಸಬಹುದು ಅನ್ನುವುದಾದರೆ ಮೂರನೆಯದನ್ನೇ ತೆಗೆದುಕೊಳ್ಳಿ. ನಾನಾಗಿದ್ದರೆ ಎರಡು ತಿಂಗಳು ಕಾದು ಮೂರನೆಯದಕ್ಕೇ ಹೋಗುತ್ತಿದ್ದೆ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನೀವು ಮತ್ತೆ ಅಂಗಡಿಗೆ ಹೋದಾಗ ಈ ಮೂರರಲ್ಲಿ ಒಂದೂ ಇರುವುದಿಲ್ಲ, ನಾಲ್ಕನೆಯದೇನೋ ತೋರಿಸುತ್ತಾರೆ. ಆಗ ನಿಮಗೇ ನೋಡಲು ಬರಬೇಕು. ಅದಕ್ಕೆ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಆ 11.6 ಇಂಚಿನದು. ಅದರ ಪ್ರೊಸೆಸರ್ ಚಿಪ್, ಸೆಲೆರಾನ್ ಎನ್4020, ಬಂದಿದ್ದು 2019ರ ಕೊನೆಗೆ. ಒಳಗೆ ಎರಡೇ ಕೋರ್, ಅಂದರೆ ಲೆಕ್ಕ ಮಾಡುವ ಘಟಕ. ಡಬ್ಬಿ ಹೊಸದಿರಬಹುದು, ಚಿಪ್ ಹಳೆಯದು. ಆದರೂ ನನ್ನ ತಕರಾರು ಚಿಪ್ ಮೇಲೆ ಕಡಿಮೆ, ರ‍್ಯಾಮ್ ಮತ್ತು ಸ್ಟೋರೇಜ್ ಮೇಲೆ ಜಾಸ್ತಿ. ಮೊದಲನೆಯದು ಕೆಲಸ ನಡೆಯುವಾಗ ಬೇಕಾದದ್ದನ್ನು ಇಟ್ಟುಕೊಳ್ಳುವ ಜಾಗ, ಎರಡನೆಯದು ಫೈಲ್‌ಗಳನ್ನು ಕಾಯಂ ಇಡುವ ಜಾಗ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಕೇಳುವ ಕನಿಷ್ಠ ಅಳತೆಯೇ 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಕನಿಷ್ಠ ಅಂದರೆ ಆನ್ ಆಗುತ್ತದೆ, ಅಷ್ಟೇ. ಲ್ಯಾಪ್‌ಟಾಪ್ ಆನ್ ಮಾಡಿ ಸುಮ್ನೆ ಬಿಟ್ಟರೂ ವಿಂಡೋಸ್ ತನ್ನ ಪಾಲಿಗೆ ಹೆಚ್ಚುಕಡಿಮೆ 3 ಜಿಬಿ ಹಿಡಿದುಕೊಳ್ಳುತ್ತದೆ. ಮೇಲೆ ನೀವು ಕ್ರೋಮ್ ತೆರೆದು ಸ್ಯಾಟ್ಸ್ ಪುಟ, ಒಂದು ಜಿಮೇಲ್, ಒಂದು ವಾಟ್ಸಾಪ್ ವೆಬ್ ಇಟ್ಟರೆ 4 ಜಿಬಿ ಮುಗಿಯಿತು. ರ‍್ಯಾಮ್ ತುಂಬಿದ ಮೇಲೆ ವಿಂಡೋಸ್ ಉಳಿದ ಸರಕನ್ನು ಸ್ಟೋರೇಜಿಗೆ ಬರೆದು, ಬೇಕಾದಾಗ ಅಲ್ಲಿಂದ ತಂದುಕೊಳ್ಳುತ್ತದೆ. ಆ ಸ್ಟೋರೇಜ್ ವೇಗವಾಗಿದ್ದರೆ ನಿಮಗೆ ಅಷ್ಟು ಗೊತ್ತಾಗುವುದಿಲ್ಲ. ಆದರೆ ಈ ಬೆಲೆಯ 64 ಜಿಬಿ ಯಂತ್ರಗಳಲ್ಲಿ ಇರುವುದು ಎಸ್‌ಎಸ್‌ಡಿ ಅಲ್ಲ, ಇಎಂಎಂಸಿ. ಅಗ್ಗದ ಫೋನ್‌ಗಳಲ್ಲಿ ಹಾಕುವ ಜಾತಿಯದು. ಅದರ ವೇಗ ಹೆಚ್ಚೆಂದರೆ ಸೆಕೆಂಡಿಗೆ 300 ಎಂಬಿ ಆಸುಪಾಸು. ಸಾದಾ ಸಾಟಾ ಎಸ್‌ಎಸ್‌ಡಿ 500 ದಾಟುತ್ತದೆ. ಈಗಿನ ಎನ್‌ವಿಎಂಇ ಎಸ್‌ಎಸ್‌ಡಿ 1,500ರಿಂದ 3,500, ಕೆಲವು ಇನ್ನೂ ಹೆಚ್ಚು. ಚಿಕ್ಕ ಚಿಕ್ಕ ಫೈಲ್‌ಗಳನ್ನು ಒಟ್ಟೊಟ್ಟಿಗೆ ಓದಿ ಬರೆಯುವಾಗ ಈ ಅಂತರ ಇನ್ನೂ ದೊಡ್ಡದಾಗುತ್ತದೆ. ಕ್ಲಿಕ್ ಮಾಡಿ ಕೂತಿರಬೇಕಾದ ಲ್ಯಾಪ್‌ಟಾಪ್ ಅಂದರೆ ಇದೇ.

ಇದೆಲ್ಲ ಸಹಿಸಿಕೊಳ್ಳಬಹುದು ಅಂದುಕೊಳ್ಳಿ. ಜಾಗದ ಗತಿ ಏನು? 64 ಜಿಬಿ ಅಂದರೆ ವಿಂಡೋಸ್‌ನಲ್ಲಿ ಕಾಣುವುದು 60ಕ್ಕಿಂತ ಕಡಿಮೆ. ಅದರಲ್ಲಿ ಅರ್ಧದಷ್ಟು ವಿಂಡೋಸಿಗೇ ಹೋಗುತ್ತದೆ. ವರ್ಷ ಕಳೆಯುವುದರೊಳಗೆ ದೊಡ್ಡ ಅಪ್‌ಡೇಟ್ ಬಂದಾಗ ‘ಜಾಗ ಸಾಲದು’ ಅಂತ ನಿಲ್ಲುತ್ತದೆ. ನಮ್ಮ ಕಡೆ ರಿಪೇರಿಗೆ ಬರುವ ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಕೆಟ್ಟಿರುವುದೇ ಇಲ್ಲ, ತುಂಬಿರುತ್ತವೆ. ಇಎಂಎಂಸಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ರ‍್ಯಾಮ್ ಕೂಡ ಸಾಮಾನ್ಯವಾಗಿ ಹಾಗೇ. ಬಿಚ್ಚಿ ದೊಡ್ಡದು ಹಾಕೋಣ ಅಂದರೆ ಆಗುವುದಿಲ್ಲ. ಬಂದವರಿಗೆ ಏನೂ ಮಾಡಿಕೊಡಲಾಗದೆ ವಾಪಸ್ ಕಳಿಸಬೇಕಾಗುತ್ತದೆ. ವಾರಂಟಿ ಇದ್ದರೂ ಪ್ರಯೋಜನವಿಲ್ಲ, ‘ನಿಧಾನ’ಕ್ಕೆ ವಾರಂಟಿ ಕೊಡುವುದಿಲ್ಲ.

ಇನ್ನೊಂದು ತೊಡಕೂ ಇದೆ. ಇಂಥ ಕೆಲವು ಯಂತ್ರಗಳು ವಿಂಡೋಸ್‌ನ ‘ಎಸ್ ಮೋಡ್’ನಲ್ಲಿ ಬರುತ್ತವೆ. ಎಸ್ ಮೋಡ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಿಗುವ ಆ್ಯಪ್ ಮಾತ್ರ ನಡೆಯುತ್ತದೆ. ಪೆನ್‌ಡ್ರೈವ್‌ನಲ್ಲಿ ತಂದ ನುಡಿ, ಟ್ಯಾಲಿ ಎರಡೂ ಇನ್‌ಸ್ಟಾಲ್ ಆಗುವುದಿಲ್ಲ. ಅಲ್ಲಿಂದ ಹೊರಗೆ ಬರಲು ಒಂದು ಪೈಸೆ ಖರ್ಚಿಲ್ಲ, ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟದಲ್ಲೇ ದಾರಿ ಇದೆ, ಬಂದ ಮೇಲೆ ಮತ್ತೆ ಒಳಗೆ ಹೋಗಲು ಬರುವುದಿಲ್ಲ, ಅಷ್ಟೇ. ಇದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಕ್ರೋಮ್‌ಬುಕ್ ತೋರಿಸಿದರೂ ನಿಮಗೆ ಆಗಿಬರುವುದಿಲ್ಲ. ಬ್ರೌಸರ್ ಕೆಲಸಕ್ಕೆ ಅದು ಒಳ್ಳೆಯದೇ, ಆದರೆ ನುಡಿ, ಟ್ಯಾಲಿ ಎರಡಕ್ಕೂ ವಿಂಡೋಸ್ ಬೇಕು.

ಈಗ ಎಕ್ಸ್270. ಹಳೆಯದು ಅನ್ನುವ ಕಾರಣಕ್ಕೆ ನಾನು ಬೇಡ ಅನ್ನುತ್ತಿಲ್ಲ. ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್, ಇವು ಕಂಪನಿಗಳ ಆಫೀಸುಗಳಿಗೆ ಅಂತ ಮಾಡಿದ ಗಟ್ಟಿ ಯಂತ್ರಗಳು. ಹೊಸದಿದ್ದಾಗ ಈಗಿನ 36,500ರ ಲ್ಯಾಪ್‌ಟಾಪ್‌ಗಿಂತ ಎಷ್ಟೋ ಹೆಚ್ಚು ಬೆಲೆ ಬಾಳುತ್ತಿದ್ದವು. ಕೀಬೋರ್ಡು, ಕೀಲು, ಮೈ, ಎಲ್ಲ ಇವತ್ತಿಗೂ ಚೆನ್ನಾಗಿರುತ್ತವೆ. ಮೂರು ನಾಲ್ಕು ವರ್ಷ ಬಳಸಿ ಕಂಪನಿಗಳು ಒಟ್ಟಿಗೆ ಮಾರುತ್ತವೆ, ಅವು ಬೆಂಗಳೂರು, ಹೈದರಾಬಾದ್ ಸುತ್ತಿ ನಮ್ಮೂರಿಗೆ ಬರುತ್ತವೆ. 4 ಜಿಬಿಯ ಹೊಸ ಸೆಲೆರಾನ್‌ಗಿಂತ 8 ಜಿಬಿ, ಎಸ್‌ಎಸ್‌ಡಿ ಇರುವ ಹಳೆಯ ಐ5 ಖಂಡಿತ ಮೇಲು.

ತೊಂದರೆ ಇರುವುದು ‘ಐ5’ ಅನ್ನುವ ಆ ಒಂದು ಮಾತಿನಲ್ಲಿ. ಐ5 ಅಂತ 2010ರ ಲ್ಯಾಪ್‌ಟಾಪ್‌ನಲ್ಲೂ ಇತ್ತು, 2023ರದ್ದರಲ್ಲೂ ಇತ್ತು. ತೊಗರಿ ಕೊಳ್ಳುವಾಗ ಈ ವರ್ಷದ್ದಾ, ಹೋದ ವರ್ಷದ್ದಾ ಅಂತ ಕೇಳುತ್ತೀವಲ್ಲ, ಹಾಗೆ ಇಲ್ಲೂ ಯಾವ ತಲೆಮಾರು ಅಂತ ಕೇಳಲೇಬೇಕು. ಅಂಗಡಿಯವರು ‘ಜನರೇಶನ್’ ಅನ್ನುತ್ತಾರೆ. ಅವರು ಹೇಳದಿದ್ದರೂ ನಂಬರಿನಲ್ಲೇ ಬರೆದಿರುತ್ತದೆ. 6300ಯು ಅಂದರೆ ಆರನೇ ತಲೆಮಾರು, 7300ಯು ಏಳನೆಯದು, 8250ಯು ಎಂಟನೆಯದು, 10210ಯು ಹತ್ತನೆಯದು. ನಿಮ್ಮ 1215ಯುನಲ್ಲಿ ಮೊದಲ ಎರಡು ಅಂಕಿ ಓದಿ, ಹನ್ನೆರಡನೆಯದು. ಎಕ್ಸ್270ರಲ್ಲಿ ಬಂದಿದ್ದು ಆರನೆಯದು ಮತ್ತು ಏಳನೆಯದು ಮಾತ್ರ.

ಎಂಟಕ್ಕೂ ಏಳಕ್ಕೂ ಅಷ್ಟು ವ್ಯತ್ಯಾಸವಾ? ಹೌದು, ಎರಡು ಕಾರಣಕ್ಕೆ. ಏಳನೇ ತಲೆಮಾರಿನವರೆಗೆ ಇಂಥ ತೆಳು ಲ್ಯಾಪ್‌ಟಾಪ್‌ಗಳ ಐ5ನಲ್ಲಿ ಇದ್ದಿದ್ದು ಎರಡೇ ಕೋರ್. 2017ರಲ್ಲಿ ಎಂಟನೆಯದು ಬಂದಾಗ ನಾಲ್ಕಾದವು. ಎರಡನೆಯ ಕಾರಣ ಇನ್ನೂ ಮುಖ್ಯ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಎಂಟನೇ ತಲೆಮಾರಿನಿಂದ ಈಚೆಗೆ, ಒಂದೆರಡು ಅಪವಾದ ಬಿಟ್ಟರೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್‌ಗಳನ್ನು ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್‌ವರೆಗೆ, ವಿಸ್ತರಿಸಿದ್ದಾರೆ, ಅಷ್ಟೇ. ಅಂಗಡಿಯವರು ‘ಇದರಲ್ಲಿ 11 ಹಾಕಿದ್ದೀವಿ ನೋಡ್ರಿ’ ಅಂತ ತೋರಿಸುತ್ತಾರೆ. ಬಳಸುದಾರಿಯಲ್ಲಿ ಹಾಕಲು ಬರುತ್ತದೆ, ನಡೆಯುತ್ತದೆ ಕೂಡ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ನಮ್ಮದಲ್ಲ ಅಂತ ಮೈಕ್ರೋಸಾಫ್ಟ್ ಹೇಳಿಬಿಟ್ಟಿದೆ. ಮಕ್ಕಳ ವಿವರ, ಆಧಾರ್ ನಂಬರ್ ಎಲ್ಲ ತುಂಬುವ ಯಂತ್ರದಲ್ಲಿ ಆ ರಗಳೆ ಯಾಕೆ?

ಹಾಗಾದರೆ ಹಳೆಯದರಲ್ಲಿ ಏನು ಕೇಳಬೇಕು? ಚಿಕ್ಕದೇ ಬೇಕು ಅನ್ನುವ ನಿಮಗೆ ಥಿಂಕ್‌ಪ್ಯಾಡ್ ಎಕ್ಸ್280, ಲ್ಯಾಟಿಟ್ಯೂಡ್ 7290, ಎಲೀಟ್‌ಬುಕ್ 830 ಜಿ5, ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಮೊದಲೆರಡು 12.5 ಇಂಚು, ಸುಮಾರು 1.2 ಕೆಜಿ. ಮೂರನೆಯದು 13.3 ಇಂಚು. ಎಕ್ಸ್280ರಲ್ಲಿ ರ‍್ಯಾಮ್ ಬೆಸೆದಿರುತ್ತದೆ, ಹಾಗಾಗಿ 8 ಜಿಬಿಯದೇ ನೋಡಿ, 4ರದ್ದು ಮುಟ್ಟಬೇಡಿ. 14 ಇಂಚು ಆಗಬಹುದು ಅಂದರೆ ಥಿಂಕ್‌ಪ್ಯಾಡ್ ಟಿ480 ನನ್ನ ಮೊದಲ ಆಯ್ಕೆ. ತೂಕ ಸ್ವಲ್ಪ ಜಾಸ್ತಿ, ಆದರೆ ರ‍್ಯಾಮ್‌ಗೆ ಎರಡು ಸ್ಲಾಟ್, ಹಿಂದಿನ ಬ್ಯಾಟರಿ ಕೈಯಲ್ಲೇ ಬಿಚ್ಚಿ ಬದಲಿಸಬಹುದು, ಟೈಪ್-ಸಿ ಚಾರ್ಜರ್ ನಡೆಯುತ್ತದೆ. ಇಷ್ಟು ರಿಪೇರಿಗೆ ಒಗ್ಗುವ ಲ್ಯಾಪ್‌ಟಾಪ್ ಈಗ ಅಪರೂಪ. ಮಾಡೆಲ್ ಹೆಸರು ನಂಬಿ ಕೂರಬೇಡಿ ಮತ್ತೆ. ಈ ಸಾಲಿನ ಎಲೀಟ್‌ಬುಕ್‌ಗಳಲ್ಲಿ ಏಳನೇ ತಲೆಮಾರಿನದೂ ಬಂದಿತ್ತು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರ ಕೆಳಗೆ ಅಬೌಟ್ ತೆರೆದು ಪ್ರೊಸೆಸರ್ ನಂಬರನ್ನು ನೀವೇ ಓದಿ.

ಹಳೆಯದನ್ನು ಕೊಳ್ಳುವಾಗ ಅಂಗಡಿಯಲ್ಲಿ ಅರ್ಧ ಗಂಟೆ ಕೂರಲು ನಾಚಿಕೆ ಬೇಡ. ಮೊದಲು ಬ್ಯಾಟರಿ. ಸ್ಟಾರ್ಟ್‌ನಲ್ಲಿ ಸಿಎಂಡಿ (cmd) ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಒಂದು ಕಪ್ಪು ಕಿಟಕಿ ಬರುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಒಂದು ಓರೆಗೆರೆ, ಅದಕ್ಕೆ ಅಂಟಿಸಿ ಬ್ಯಾಟರಿರಿಪೋರ್ಟ್ ಅಂತ (powercfg /batteryreport) ಹೊಡೆದು ಎಂಟರ್ ಒತ್ತಿ. ಒಂದು ಫೈಲ್ ತಯಾರಾಗುತ್ತದೆ, ಎಲ್ಲಿದೆ ಅಂತ ಅಲ್ಲೇ ತೋರಿಸುತ್ತದೆ. ಅದರಲ್ಲಿ ‘ಡಿಸೈನ್ ಕೆಪ್ಯಾಸಿಟಿ’ ಅಂದರೆ ಹೊಸದಿದ್ದಾಗ ಎಷ್ಟು ತುಂಬುತ್ತಿತ್ತು, ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಅಂದರೆ ಈಗ ಎಷ್ಟು ತುಂಬುತ್ತದೆ. ಎರಡನೆಯದು ಮೊದಲಿನದರ ಮುಕ್ಕಾಲಿಗಿಂತ ಕಡಿಮೆ ಇದ್ದರೆ ಬ್ಯಾಟರಿ ಬದಲಿಸಿ ಕೊಡಿ ಅನ್ನಿ, ಇಲ್ಲ ಬೆಲೆ ಇಳಿಸಿ ಅನ್ನಿ. ಆಮೇಲೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿಸಿ ಬಯೋಸ್, ಅಂದರೆ ವಿಂಡೋಸ್‌ಗೂ ಮುಂಚೆ ಬರುವ ಸೆಟ್ಟಿಂಗ್ ಪುಟ, ತೆರೆಯಲು ಹೇಳಿ. ಪಾಸ್‌ವರ್ಡ್ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಹಳೆಯ ಕಂಪನಿಯವರ ಬೀಗ ಅದು, ತೆಗೆಯುವುದು ಕಷ್ಟ. ಆ್ಯಕ್ಟಿವೇಶನ್ ಪುಟದಲ್ಲಿ ವಿಂಡೋಸ್‌ಗೆ ಡಿಜಿಟಲ್ ಲೈಸೆನ್ಸ್ ಇದೆಯಾ ನೋಡಿ. ನೋಟ್‌ಪ್ಯಾಡ್ ತೆರೆದು ಎಲ್ಲ ಕೀ ಒತ್ತಿ. ಪೂರ್ತಿ ಬಿಳಿ ಪುಟ ತೆರೆದು ಪರದೆಯ ಮೇಲೆ ಕಲೆ, ಹಳದಿ ಮಚ್ಚೆ ಇದೆಯಾ ನೋಡಿ. ಕ್ಯಾಮೆರಾ, ಮೈಕ್, ವೈಫೈ, ಪ್ರತಿ ಯುಎಸ್‌ಬಿ ಕಿಂಡಿ. ಚಾರ್ಜರ್ ಅದೇ ಕಂಪನಿಯದಾ?

ಇನ್ನು ಮೂರನೆಯದು. ಐ3-1215ಯು 2022ರ ಚಿಪ್. ಎರಡು ದೊಡ್ಡ ಕೋರ್, ನಾಲ್ಕು ಚಿಕ್ಕ ಕೋರ್, ಒಟ್ಟು ಆರು. ಹೆಸರಲ್ಲಿ 3 ಇದ್ದರೂ ಎಂಟನೇ ತಲೆಮಾರಿನ ಐ5ನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ನಿಮ್ಮ ಮನೆಯ ಕೆಲಸಕ್ಕೆ ಇದಕ್ಕಿಂತ ದೊಡ್ಡದು ಬೇಕಿಲ್ಲ. ಇದೇ ಸಾಲಿನಲ್ಲಿ ನಿಮಗೆ ಇನ್ನೂ ಮೂರು ಹೆಸರು ತೋರಿಸಬಹುದು. ಇಂಟೆಲ್ ಎನ್100: 2023ರದ್ದು, ನಾಲ್ಕೂ ಚಿಕ್ಕ ಕೋರ್. ಬ್ರೌಸರ್, ನುಡಿ, ಟ್ಯಾಲಿಗೆ ಸಾಲುತ್ತದೆ. 8 ಜಿಬಿ ಮತ್ತು ನಿಜವಾದ ಎಸ್‌ಎಸ್‌ಡಿ ಜೊತೆಗೆ, 30,000ಕ್ಕಿಂತ ಸಾಕಷ್ಟು ಕಡಿಮೆಗೆ ಸಿಕ್ಕರೆ ನಾನು ಬೇಡ ಅನ್ನುವುದಿಲ್ಲ. ಐ3-ಎನ್305: ಹೆಸರಲ್ಲಿ ಐ3, ಒಳಗೆ ಎನ್100ರ ಅಣ್ಣ, ಎಂಟು ಚಿಕ್ಕ ಕೋರ್. ಇದನ್ನು 1215ಯುನ ಬೆಲೆಗೇ ಮಾರಿದರೆ ಬೇಡ. ರೈಜನ್ 3 7320ಯು: ಇದೂ ಒಳ್ಳೆಯದೇ, ಆದರೆ ಈ ಚಿಪ್ ಇರುವ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಯಾವಾಗಲೂ ಬೆಸೆದದ್ದೇ, ಮುಂದೆ ಹೆಚ್ಚಿಸಲು ಬರುವುದಿಲ್ಲ. 8 ಜಿಬಿಯಲ್ಲಿ ಗ್ರಾಫಿಕ್ಸ್‌ಗೂ ಒಂದಿಷ್ಟು ಪಾಲು ಹೋಗುತ್ತದೆ. ಜೊತೆಗೆ ರೈಜನ್ 5 7520ಯು ತೋರಿಸಿ ‘5 ಇದೆ, ಮೂರ್ನಾಲ್ಕು ಸಾವಿರ ಹಾಕಿ’ ಅಂದರೆ ನಗುತ್ತಾ ಬೇಡ ಅನ್ನಿ. ಎರಡರಲ್ಲೂ ನಾಲ್ಕೇ ಕೋರ್, ಅದೇ ಹಳೆಯ ವಿನ್ಯಾಸ, ವೇಗದಲ್ಲಿ ಕೂದಲೆಳೆ ವ್ಯತ್ಯಾಸ. ಈ ರೈಜನ್ 7000 ಸಾಲಿನ ನಂಬರಿನಲ್ಲಿ ನೋಡಬೇಕಾದ್ದು ಮೂರನೇ ಅಂಕಿ. 7320ರಲ್ಲಿ ಅದು 2, 7330ರಲ್ಲಿ 3. ಈ 3 ಇರುವುದು ಹೊಸ ವಿನ್ಯಾಸದ್ದು, ಮೇಲು.

ರ‍್ಯಾಮ್ ಸ್ಲಾಟ್ ಇದೆಯಾ ಅಂತ ಅಂಗಡಿಯವರನ್ನು ಕೇಳಿದರೆ ಎಲ್ಲರೂ ‘ಇದೆ’ ಅನ್ನುತ್ತಾರೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಪರ್ಫಾರ್ಮೆನ್ಸ್‌ಗೆ ಹೋಗಿ, ಮೆಮೊರಿ ಒತ್ತಿ. ‘ಫಾರ್ಮ್ ಫ್ಯಾಕ್ಟರ್’ ಎದುರು ಸೋಡಿಮ್ ಅಂತ ಇದ್ದರೆ ಬಿಚ್ಚಿ ಹಾಕುವಂಥದ್ದು. ‘ರೋ ಆಫ್ ಚಿಪ್ಸ್’ ಅಂತ ಇದ್ದರೆ ಬೆಸೆದದ್ದು. ಅಲ್ಲೇ ಎಷ್ಟು ಸ್ಲಾಟ್‌ನಲ್ಲಿ ಎಷ್ಟು ತುಂಬಿದೆ ಅಂತಲೂ ಕಾಣುತ್ತದೆ. ಮೊದಲೆಲ್ಲ ನಾನು ‘ಈಗ 8 ತಗೊಳ್ಳಿ, ಮುಂದೆ ಇನ್ನೊಂದು 8 ಅಗ್ಗಕ್ಕೆ ಹಾಕೋಣ’ ಅನ್ನುತ್ತಿದ್ದೆ. ಈಗ ಹಾಗೆ ಧೈರ್ಯವಾಗಿ ಹೇಳಲು ಬರುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ವಿಪರೀತ ಏರಿದೆ. ಮೆಮೊರಿ ಮಾಡುವ ಕಾರ್ಖಾನೆಗಳು ತಮ್ಮ ಮಾಲಿನ ದೊಡ್ಡ ಪಾಲನ್ನು ಎಐ ಸರ್ವರ್‌ಗಳಿಗೆ ತಿರುಗಿಸಿವೆ. ಅದೇ ಮಾಡೆಲ್ 16 ಜಿಬಿಯದು ಸ್ವಲ್ಪವೇ ಹೆಚ್ಚಿಗೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಸಿಗದಿದ್ದರೆ ಚಿಂತೆಯಿಲ್ಲ, ನಿಮ್ಮ ಕೆಲಸಕ್ಕೆ 8 ನಡೆಯುತ್ತದೆ.

ಅಳತೆಯ ವಿಷಯ. ಮಗಳು ದಿನಾ ರೈಲಿಗೆ ಹೋಗುತ್ತಾಳೆ ಅಂದಿರಿ, ಶಹಾಬಾದ್‌ನಿಂದ ಕಲಬುರಗಿ ದೂರವಲ್ಲ, ಆದರೆ ಬೆಳಗಿನ ಜನರಲ್ ಡಬ್ಬಿಯಲ್ಲಿ ನಿಂತೇ ಹೋಗಬೇಕು. ಒಂದೂಕಾಲು ಕೆಜಿಗೂ ಒಂದೂಮುಕ್ಕಾಲು ಕೆಜಿಗೂ ಬೆನ್ನಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಹಾಗಾಗಿ 15.6 ಇಂಚು ಬೇಡ. ಆದರೆ 11.6 ಇಂಚಿನ ಕೀಬೋರ್ಡ್ ಇಕ್ಕಟ್ಟು, ನೀವು ನುಡಿಯಲ್ಲಿ ಎರಡು ಪುಟ ಹೊಡೆಯುವಷ್ಟರಲ್ಲಿ ಬೇಸರ ಬರುತ್ತದೆ. ಅಲ್ಲದೆ ಅದರ ಪರದೆ 1366 ಅಡ್ಡ 768 ಚುಕ್ಕೆಗಳದ್ದು. ಎಕ್ಸೆಲ್‌ನಲ್ಲಿ ಅಂಕಪಟ್ಟಿ ತೆರೆದರೆ ಒಂದು ಬದಿಯ ಕಾಲಂಗಳು ಹೊರಗೆ ಹೋಗಿ, ಅತ್ತಿತ್ತ ಎಳೆದಾಡುತ್ತಲೇ ಇರಬೇಕು. 1920 ಅಡ್ಡ 1080, ಅಂದರೆ ಫುಲ್ ಎಚ್‌ಡಿ, ಅದರಲ್ಲೂ ಐಪಿಎಸ್ ಪರದೆ ಕೇಳಿ. ಐಪಿಎಸ್ ಅಲ್ಲದ ಅಗ್ಗದ ಪರದೆ ಸ್ವಲ್ಪ ಓರೆಯಾಗಿ ನೋಡಿದರೂ ಕಪ್ಪಾಗುತ್ತದೆ. ಇಬ್ಬರು ಪಕ್ಕದಲ್ಲಿ ಕೂತು ನೋಡಲು ಆಗುವುದಿಲ್ಲ. ಹಳೆಯ ಆಫೀಸ್ ಲ್ಯಾಪ್‌ಟಾಪ್‌ಗಳಲ್ಲೂ ಎರಡೂ ಬಗೆಯ ಪರದೆ ಬಂದಿವೆ, ಇದನ್ನೂ ಕೇಳಿ ನೋಡಿ.

ಒಂದೇ ಒಂದು ಕಾರಣಕ್ಕೆ 15.6 ಇಂಚು ಲಾಭ: ಬಲಗಡೆ ನಂಬರ್ ಪ್ಯಾಡ್ ಇರುತ್ತದೆ. ಟ್ಯಾಲಿ ಕಲಿಯುವವರಿಗೆ ಅದಿಲ್ಲದೆ ಕೈ ಓಡುವುದಿಲ್ಲ. 14 ಇಂಚಿನವುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಅದಕ್ಕೆ ಯುಎಸ್‌ಬಿ ನಂಬರ್ ಪ್ಯಾಡ್ ಬೇರೆಯೇ ಸಿಗುತ್ತದೆ, ಕೆಲವು ನೂರು ರೂಪಾಯಿ. ಮನೆಯಲ್ಲಿ ಚುಚ್ಚಿಕೊಂಡು ಅಭ್ಯಾಸ ಮಾಡಲಿ.

ನಮ್ಮ ಊರಿನ ಬಿಸಿಲಿನ ಬಗ್ಗೆ ಯಾವ ಜಾಹೀರಾತೂ ಹೇಳುವುದಿಲ್ಲ. ಹೆಚ್ಚಿನ ಲ್ಯಾಪ್‌ಟಾಪ್‌ಗಳ ಮಾಹಿತಿ ಹಾಳೆಯಲ್ಲಿ ಬಳಸುವ ತಾಪಮಾನ 5ರಿಂದ 35 ಡಿಗ್ರಿ ಅಂತ ಬರೆದಿರುತ್ತದೆ. ಕಲಬುರಗಿ ಕಡೆ ಮೇ ತಿಂಗಳಲ್ಲಿ ಹೊರಗೆ 42, 43 ಆಗುತ್ತದೆ, ಮಧ್ಯಾಹ್ನ ಮನೆಯೊಳಗೂ 35 ದಾಟುತ್ತದೆ. ಆಗ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನ್ ಇಲ್ಲದ ಅಗ್ಗದ ಯಂತ್ರಗಳಲ್ಲಿ ಇದು ಜಾಸ್ತಿ. ಆ 17,000ದ ಲ್ಯಾಪ್‌ಟಾಪ್ ಬೇಡ ಅನ್ನಲು ಇದೂ ಒಂದು ಕಾರಣ. ಬೆಂಗಳೂರಿನಲ್ಲಿ ಬಳಸಿ ‘ಪರವಾಗಿಲ್ಲ’ ಅಂತ ಬರೆದವರ ಮಾತು ಇಲ್ಲಿ ನಡೆಯುವುದಿಲ್ಲ. ಫ್ಯಾನ್ ಇದ್ದರೆ ಶಹಾಬಾದ್‌ನಲ್ಲಿ ಇನ್ನೊಂದು ಕಾಟ, ಕಲ್ಲಿನ ಧೂಳು. ಕ್ವಾರಿ ಹತ್ತಿರದ ಮನೆಗಳಿಂದ ಬರುವ ಲ್ಯಾಪ್‌ಟಾಪ್ ಬಿಚ್ಚಿದರೆ ಫ್ಯಾನಿನ ಮುಂದೆ ಬಿಳಿ ಹುಡಿ ಗಟ್ಟಿಯಾಗಿ ಕೂತಿರುತ್ತದೆ. ವರ್ಷಕ್ಕೊಮ್ಮೆ, ಬೇಸಿಗೆ ಶುರುವಾಗುವ ಮುಂಚೆ, ಬಿಚ್ಚಿಸಿ ಸ್ವಚ್ಛ ಮಾಡಿಸಿ. ಹಾಸಿಗೆ, ಕೌದಿ ಮೇಲೆ ಇಟ್ಟು ಬಳಸಬೇಡಿ, ಕೆಳಗಿನ ಗಾಳಿ ಕಿಂಡಿ ಮುಚ್ಚುತ್ತದೆ. ಕೂಲರ್‌ನ ನೇರ ಎದುರಿಗೂ ಬೇಡ, ಅದರ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ.

ಬ್ಯಾಟರಿಗೆ ಬಿಸಿಲು ಇನ್ನೂ ಕೆಟ್ಟದು. ಬಿಸಿಯಲ್ಲಿ, ಅದೂ ನೂರಕ್ಕೆ ನೂರು ತುಂಬಿಸಿ ಇಟ್ಟರೆ, ಲಿಥಿಯಂ ಬ್ಯಾಟರಿ ಬೇಗ ಸೋಲುತ್ತದೆ. ಲೆನೊವೊದಲ್ಲಿ ವಾಂಟೇಜ್, ಏಸುಸ್‌ನಲ್ಲಿ ಮೈಏಸುಸ್ ಅನ್ನುವ ಆ್ಯಪ್ ಇರುತ್ತದೆ. ಅದರಲ್ಲಿ ಚಾರ್ಜ್ ಸುಮಾರು 80ಕ್ಕೆ ನಿಲ್ಲುವಂತೆ ಮಾಡಬಹುದು. ನೀವು ಮನೆಯಲ್ಲಿ ಪ್ಲಗ್ ಹಾಕಿಯೇ ಕೆಲಸ ಮಾಡುವ ದಿನಗಳಲ್ಲಿ ಹಾಗೇ ಇಡಿ. ಎಷ್ಟು ಹೊತ್ತು ಬರುತ್ತದೆ ಅನ್ನುವುದಕ್ಕೆ ಡಬ್ಬಿ ಮೇಲಿನ ಗಂಟೆ ಲೆಕ್ಕ ನಂಬಬೇಡಿ, ‘ವ್ಯಾಟ್-ಅವರ್’ ನೋಡಿ. ಈ ಬೆಲೆಯಲ್ಲಿ 41, 42 ಇರುತ್ತದೆ. ಟೈಪಿಂಗ್, ಬ್ರೌಸಿಂಗ್‌ಗೆ ಯಂತ್ರ 8 ವ್ಯಾಟ್‌ನಷ್ಟು ಎಳೆದರೆ ಐದು ಗಂಟೆ. ವಿಡಿಯೊ ಕರೆ ಇದ್ದರೆ ಇನ್ನೂ ಕಡಿಮೆ. ಮಗಳ ಕಾಲೇಜಿಗೆ ಇಷ್ಟು ಸಾಕು, ಕರೆಂಟ್ ಹೋದಾಗ ನಿಮ್ಮ ಎಂಟ್ರಿ ಅರ್ಧಕ್ಕೆ ನಿಲ್ಲುವುದೂ ಇಲ್ಲ.

ಎಲ್ಲಿ ಕೊಳ್ಳುವುದು? ಬೀದರ್ ಕಡೆಯವರು ಬೆಳಿಗ್ಗೆ ಹೊರಟು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋಗಿ ಬರುವುದು ಹಳೆಯ ರೂಢಿ. ಅಲ್ಲಿ ಆಯ್ಕೆ ಜಾಸ್ತಿ, ಚೌಕಾಸಿಗೂ ಜಾಗ ಇದೆ. ಹೊಸದನ್ನು ಅಲ್ಲಿಂದ ತರಲು ನನ್ನ ಅಡ್ಡಿಯಿಲ್ಲ, ಕಂಪನಿ ವಾರಂಟಿ ದೇಶದಲ್ಲಿ ಎಲ್ಲಿದ್ದರೂ ನಡೆಯುತ್ತದೆ. ಹಳೆಯದನ್ನು ಮಾತ್ರ ಅಷ್ಟು ದೂರದಿಂದ ತರಬೇಡಿ. ಅದರ ವಾರಂಟಿ ಅಂಗಡಿಯವರದ್ದೇ, ಮೂರೋ ಆರೋ ತಿಂಗಳು. ಮತ್ತೆ ಹೊತ್ತುಕೊಂಡು ಅಲ್ಲಿಗೇ ಹೋಗಬೇಕು. ಹಳೆಯದಾದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಮುತ್ತಲೇ ನೋಡಿ, ಕೆಟ್ಟರೆ ಮಗಳು ಕಾಲೇಜು ಮುಗಿಸಿ ಕೊಟ್ಟು ಬರಬಹುದು.

ಹೊಸದರಲ್ಲಿ ಕೇಳಲೇಬೇಕಾದ ಒಂದು ಮಾತು: ‘ಆನ್‌ಸೈಟಾ, ಕ್ಯಾರಿ-ಇನ್ನಾ?’ ಆನ್‌ಸೈಟ್ ಅಂದರೆ ಕಂಪನಿಯವರು ಮನೆಗೇ ಬಂದು ರಿಪೇರಿ ಮಾಡುತ್ತಾರೆ. ಕ್ಯಾರಿ-ಇನ್ ಅಂದರೆ ನೀವೇ ಸರ್ವಿಸ್ ಸೆಂಟರಿಗೆ ಒಯ್ಯಬೇಕು. ನಿಮ್ಮ ಪಿನ್‌ಕೋಡ್ ಹಾಕಿ ಹತ್ತಿರದ ಸೆಂಟರ್ ಯಾವುದು, ನಿಮ್ಮ ಊರಿಗೆ ಆನ್‌ಸೈಟ್ ಬರುತ್ತಾರಾ ಅಂತ ಕಂಪನಿಯ ವೆಬ್‌ಸೈಟ್‌ನಲ್ಲೇ ನೋಡಬಹುದು. ಎರಡು ಲ್ಯಾಪ್‌ಟಾಪ್ ಹೆಚ್ಚುಕಡಿಮೆ ಒಂದೇ ತರಹ ಇದ್ದಾಗ ಪ್ರೊಸೆಸರ್ ನೋಡಿ ತೀರ್ಮಾನ ಮಾಡಬೇಡಿ, ಇದನ್ನು ನೋಡಿ ಮಾಡಿ. ಯಾದಗಿರಿ, ಸುರಪುರ, ಔರಾದ್ ಕಡೆಯ ಓದುಗರಿಗೆ ಇದು ಇನ್ನೂ ಮುಖ್ಯ.

ಸಾಫ್ಟ್‌ವೇರ್‌ಗೆ ಬೇರೆ ದುಡ್ಡು ತೆಗೆದಿಡಬೇಕಿಲ್ಲ. ಟ್ಯಾಲಿಪ್ರೈಮ್‌ಗೆ ಎಜುಕೇಶನಲ್ ಮೋಡ್ ಇದೆ, ಉಚಿತ. ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ಎಂಟ್ರಿ ಹಾಕಲು ಬಿಡುತ್ತದೆ, ಕಲಿಯಲು ಅದು ಧಾರಾಳ. ‘ಫುಲ್ ವರ್ಷನ್ ಹಾಕಿ ಕೊಡ್ತೀನಿ’ ಅನ್ನುವ ಕಳ್ಳ ಪ್ರತಿ ಬೇಡ, ಅದರ ಜೊತೆ ವೈರಸ್ಸೂ ಬರುತ್ತದೆ. ನುಡಿ ಉಚಿತ. ಕೆಲವು ಹೊಸ ಲ್ಯಾಪ್‌ಟಾಪ್‌ಗಳ ಜೊತೆ ಎಂಎಸ್ ಆಫೀಸ್ ಕಾಯಂ ಆಗಿ ಬರುತ್ತದೆ, ಕೆಲವುದರಲ್ಲಿ ಬರೀ ಟ್ರಯಲ್. ಇದನ್ನು ಬಿಲ್ ಆಗುವ ಮುಂಚೆ ಕೇಳಿ. ಬರದಿದ್ದರೆ ಲಿಬ್ರೆ ಆಫೀಸ್ ಹಾಕಿಕೊಳ್ಳಿ, ನಿಮ್ಮ ಅಂಕಪಟ್ಟಿ ಅದರಲ್ಲಿ ಸಲೀಸಾಗಿ ತೆರೆಯುತ್ತದೆ. ಸರ್ಕಾರಿ ವೆಬ್‌ಸೈಟ್ ಸಂಜೆ ಹೊತ್ತು ತೆವಳಿದರೆ ಮಾತ್ರ ಅದಕ್ಕೆ ಯಾವ ಲ್ಯಾಪ್‌ಟಾಪಿನಲ್ಲೂ ಮದ್ದಿಲ್ಲ!

ಮಗನಿಗೆ ಹೇಳಿ, ಮೂರನೆಯದಾದರೆ ಮೈನ್‌ಕ್ರಾಫ್ಟ್‌ನಂಥ ಹಗುರ ಆಟ ಓಡುತ್ತದೆ, ದೊಡ್ಡ ಆಟಗಳು ಓಡುವುದಿಲ್ಲ. ಅವನಿಗೋಸ್ಕರ ಬಜೆಟ್ ಏರಿಸಬೇಡಿ.

ತೆಗೆದುಕೊಳ್ಳುವ ದಿನ ನಿಮ್ಮ ನುಡಿ ಸೆಟಪ್, ಶಾಲೆಯ ಒಂದೆರಡು ಹಳೆಯ ಪತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಅಂಗಡಿಯಲ್ಲೇ ನುಡಿ ಹಾಕಿಸಿ, ಅಕ್ಷರ ಸರಿಯಾಗಿ ಕಾಣುತ್ತವೆಯಾ ನೋಡಿ. ಮೊಬೈಲ್‌ನಿಂದ ಹಾಟ್‌ಸ್ಪಾಟ್ ಕೊಟ್ಟು ಬ್ರೌಸರ್‌ನಲ್ಲಿ ಹತ್ತು ಪುಟ ಒಟ್ಟಿಗೆ ತೆರೆದು, ಒಂದು ವಿಡಿಯೊ ಓಡಿಸಿ. ಲ್ಯಾಪ್‌ಟಾಪ್ ತಡವರಿಸುತ್ತದಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಕೆಳಗೆ ಅಂಟಿಸಿರುವ ಸೀರಿಯಲ್ ನಂಬರೂ ಬಿಲ್ಲಿನ ನಂಬರೂ ಒಂದೇ ಇರಬೇಕು. ಹೊಸದಾದರೆ ಆ ನಂಬರನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ವಾರಂಟಿ ಯಾವತ್ತಿನಿಂದ ಅಂತ ನೋಡಿ. ಆರು ತಿಂಗಳ ಹಿಂದಿನಿಂದಲೇ ಎಣಿಕೆ ಶುರುವಾಗಿದ್ದರೆ ಬಿಲ್ ತೋರಿಸಿ ತಾರೀಖು ತಿದ್ದಿಸಿಕೊಡುವ ಕೆಲಸ ಅಂಗಡಿಯವರದ್ದು, ಅದನ್ನು ಮಾಡಿಸಿಯೇ ಎದ್ದು ಬನ್ನಿ. ಹಳೆಯದಾದರೂ ಬಿಲ್ ಬಿಡಬೇಡಿ. ಮಾಡೆಲ್, ಪ್ರೊಸೆಸರ್ ನಂಬರ್, ರ‍್ಯಾಮ್, ಎಸ್‌ಎಸ್‌ಡಿ, ಎಷ್ಟು ತಿಂಗಳ ವಾರಂಟಿ, ಬ್ಯಾಟರಿಗೆ ವಾರಂಟಿ ಉಂಟಾ ಇಲ್ಲವಾ, ಎಲ್ಲ ಅದರ ಮೇಲೇ ಬರೆಸಿಕೊಳ್ಳಿ.